ಬೂಷ್ಟು ಹಿಡಿದ ಬೊಂಬೆ

ಬೊಂಬೆಗಳು ಸೀನುವುದಿಲ್ಲ. ಆದರೆ ಇದು ನಿಜವಾಗಿ ನಡೆದ ಕಥೆ. ಹಾಗಾಗಿ ಸರಿಯಾಗಿ ಬೇಡದ ಹೊತ್ತಿಗೇ ಬೊಂಬೆಯಕ್ಕನ ಮೂಗು ತುರಿಸತೊಡಗಿತು.

ಬಟ್ಟೆ ಅಂಗಡಿಯ ಮುಂಭಾಗದ ಗಾಜಿನ ಹಿಂದೆ, ಬೋಳು ಬೊಂಬೆಗಳ ಸಾಲಿನಲ್ಲಿ, ಕಾಲರ್ ಎತ್ತಿದ ಉದ್ದನೆಯ ಕೋಟು ತೊಟ್ಟು ಅವಳು ಬೀದಿಗೆ ಮುಖಮಾಡಿ ನಿಂತಿದ್ದಳು. ವಿಗ್ಗು ಬ್ಯಾಗಿನಲ್ಲಿತ್ತು. ಹೊರಗೆ ಮಂಜು, ಬೀದಿ ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಸೈಕಲ್ಲೊಂದು ಸದ್ದಿಲ್ಲದೆ ತೇಲಿಹೋಯಿತು. ಆಸ್ಪತ್ರೆ, ಸೂಜಿ, ದಿಂಬಿನ ಮೇಲೆ ಕಂತೆ ಕಂತೆ ಉದುರಿದ್ದ ಕೂದಲು, ಎಲ್ಲವೂ ಗಾಜಿನಾಚೆ ಯಾರಿಗೋ ಆದದ್ದು, ತಾನು ಮಾತ್ರ ಮೊದಲಿನಿಂದಲೂ ಇಲ್ಲೇ ನಿಂತಿದ್ದೇನೆ ಎನಿಸಿತು ಅವಳಿಗೆ.

ಬೊಂಬೆಗಳಿಗೆ ಬಟ್ಟೆ ತೊಡಿಸುವುದು ಅವಳ ಕೆಲಸ; ಅಂಗಡಿಯವರಿಗೆಲ್ಲ ಅವಳು ಬೊಂಬೆಯಕ್ಕ. ಅಂಗಡಿ ಯಜಮಾನರ ಗುಡುಗನ್ನು ಅವರ ಬೆನ್ನ ಹಿಂದೆ ಅಣಕಿಸುವುದು ಸಂಬಳವಿಲ್ಲದ ಕೆಲಸ. ಕೀಮೋ ಮುಗಿಸಿ ಬಂದಮೇಲೆ ಗುಡುಗೇ ನಿಂತುಹೋಗಿತ್ತು. "ಕೂತ್ಕೊಳ್ಳಮ್ಮಾ, ಸುಸ್ತಾಗತ್ತೆ" ಎಂದು ಬರೀ ಬೆಣ್ಣೆ. ಮನೆಯಲ್ಲೂ ಅಷ್ಟೇ. "ಕೂದ್ಲು ಬರ್ತಿದೆ ಕಣೇ" ಎಂದು ಗಂಡ ದಿನಾ ಹೇಳುತ್ತಿದ್ದ, ತಲೆ ನೋಡದೆಯೇ. ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿದ್ದುದು ಬರೀ ಹೊಳಪು. ಮೊದಲಿನ ಹಾಗೆ ಒಬ್ಬರಾದರೂ ಬೈದು ನಿಜ ಹೇಳಿದರೆ ಸಾಕಾಗಿತ್ತು. ಅದಕ್ಕೇ ಈ ಬೊಂಬೆಯ ವೇಷ.

ಯಜಮಾನರು ಬಂದರು. ಕನ್ನಡಕ ಹಣೆಗೇರಿಸಿ, ಗರಿಗಳ ಪೊರಕೆ ಹಿಡಿದು, ಹಿಂದಿನಿಂದ ಬೊಂಬೆಗಳ ತಲೆಯ ಧೂಳು ಹೊಡೆಯುತ್ತಾ ಬಂದರು. ಅವಳ ತಲೆಯ ಮೇಲೆ ಪೊರಕೆ ತೊಡರಿತು. ಮತ್ತೆ ಹೊಡೆದರು. ಕರ್ಚೀಫು ತೆಗೆದು ಉಜ್ಜಿದರು.

"ಥೂ, ಬೂಷ್ಟು ಹಿಡಿದಿದೆಯಲ್ಲಾ ಇದಕ್ಕೆ!" ಗುಡುಗಿಗೆ ಗಾಜು ನಡುಗಿತು. "ತಲೆ ತುಂಬಾ ಬೆಳೆದುಬಿಟ್ಟಿದೆ! ಬೆಚ್ಚಗೆ ಬೇರೆ ಇದೆ, ಈ ಲೈಟಿನ ಬಿಸಿಗೇ ಇರ್ಬೇಕು. ಎಷ್ಟು ಉಜ್ಜಿದ್ರೂ ಹೋಗಲ್ಲ ಅಂತದೆ, ಹಾಳಾದ್ದು!"

ಬೊಂಬೆಯಕ್ಕನ ಉಸಿರು ಗಾಜಿನ ಮೇಲೆ ಸಣ್ಣ ಮೋಡವಾಯಿತು. ಉಜ್ಜಿದರೂ ಹೋಗುತ್ತಿಲ್ಲವಂತೆ. ಬೊಂಬೆಯನ್ನು ಯಾರೂ ಸಮಾಧಾನ ಮಾಡುವುದಿಲ್ಲವಲ್ಲ. ಗಂಟಲಿನಿಂದ ಯಜಮಾನರದೇ ಗುಡುಗನ್ನು ಎಳೆದು ತೆಗೆದಳು.

"ಮೆಲ್ಲಗೆ ಉಜ್ಜೋ! ಈಗಷ್ಟೇ ಮೊಳೀತಿದೆ, ಕಿತ್ತು ಹಾಕ್ತೀಯೇನೋ?"

ಬೊಂಬೆಯ ಬಾಯಿಂದ ತಮ್ಮದೇ ದನಿ ಬಂದದ್ದೇ ತಡ, ಯಜಮಾನರು ಪಕ್ಕದ ಬೊಂಬೆಯನ್ನು ತಬ್ಬಿಕೊಂಡು ಅದರ ಸಮೇತ ದಬಕ್ಕನೆ ಕೆಳಗೆ ಕೂತರು. ಕನ್ನಡಕ ಹಣೆಯಿಂದ ಜಾರಿ ಮೂಗಿನ ಮೇಲೆ ಕೂತಿತು. ಅವಳು ತಿರುಗಿ, ಅಷ್ಟು ಹೊತ್ತು ತಡೆದಿದ್ದ ಸೀನನ್ನು ಸೀನಿದಳು.

"ಲೇ ತರಲೇ! ನನ್ನ ಎದೆ ಒಡೆಸ್ತೀಯೇನೇ? ಇಳಿ ಕೆಳಗೆ! ಏ, ಇಳೀಬೇಡ ಇರು! ಇವೆಲ್ಲ ಹಳೇ ಬಟ್ಟೆ ಹಾಕ್ಕೊಂಡು ನಿಂತಿವೆ, ಬದಲಾಯ್ಸೋರು ಯಾರು, ನಿಮ್ಮಪ್ಪನಾ?"

ಅವಳಿಗೆ ನಗು ಬಂತು. ಯಜಮಾನರಿಗೆ ಅವಳಿಗಿಂತ ಜೋರಾಗಿ ಬಂತು. ಕಳಚಿಬಂದ ಬೊಂಬೆಯ ಕೈಯಿಂದ ನೆಲ ಬಡಿಬಡಿದು, ಕಣ್ಣೊರೆಸಿಕೊಂಡು, ಬೀದಿಗೆಲ್ಲ ಕೇಳುವಂತೆ ನಕ್ಕರು.

ಪೊರಕೆಯಿಂದ ಉದುರಿದ ಪುಟ್ಟ ಗರಿಯೊಂದು ಅವಳ ತಲೆಯ ಮೇಲೆ ಕೂತಿತ್ತು. ಅವಳು ಎಷ್ಟು ಕುಲುಕಿ ನಕ್ಕರೂ ಅದು ಜಾರಲಿಲ್ಲ.