ಪಿಸುಮಾತಿನ ಮನೆ

ನಮ್ಮಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯವರು. ನಾನು ಹುಟ್ಟುವ ಮೊದಲಿನಿಂದಲೂ ಹಗಲು ಹೊತ್ತು ಅವರು ಮಲಗುವವರು, ಉಳಿದವರು ಉಸಿರು ಬಿಗಿಹಿಡಿಯುವವರು. ಕರೆಗಂಟೆಯ ತಂತಿ ಕಿತ್ತು ಹಾಕಿದ್ದೆವು. ಕುಕ್ಕರ್ ಕೂಗುವುದಿದ್ದರೆ ಪಕ್ಕದ ಮನೆಯಲ್ಲಿ ಕೂಗಬೇಕು. ನಾನೂ ತಮ್ಮನೂ ಜಗಳವಾಡಬಹುದಿತ್ತು, ಚಿವುಟಲೂಬಹುದಿತ್ತು, ಅಳುವ ಹಾಗಿರಲಿಲ್ಲ. ಅಮ್ಮನಿಗೆ ನಗು ಬಂದರೆ ದಿಂಬಿಗೆ ಮುಖ ಒತ್ತಿ ನಕ್ಕು ಮುಗಿಸಿ ಬರುತ್ತಿದ್ದಳು. ಅಪ್ಪ ಎದ್ದಾಗಲೂ ನಾವು ಎದುರಿಗೆ ಹೋಗಿ ಪಿಸುಗುಟ್ಟುತ್ತಿದ್ದೆವು. ಅಷ್ಟು ರೂಢಿಯಾಗಿತ್ತು.

ಹೋದ ತಿಂಗಳು ಅಪ್ಪನನ್ನು ಹಗಲು ಪಾಳಿಗೆ, ಕಾಗದ ಕತ್ತರಿಸುವ ಮಷಿನ್ನಿಗೆ ಹಾಕಿದರು. ಇನ್ನು ಗಂಡನ ಹತ್ತಿರ ಬಾಯಿ ತುಂಬ ಮಾತಾಡಬಹುದು ಎಂದು ಅಮ್ಮ ಹಿಗ್ಗಿದಳು. ಆದರೆ ಅಪ್ಪನಿಗೆ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಹಗಲೆಲ್ಲ ಮಷಿನ್ನಿನ ಮುಂದೆ ತೂಕಡಿಕೆ. ಅದರ ಅಲಗಿಗೆ ಕಾಗದ ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ. ಒಂದು ದಿನ ಫೋರ್‌ಮನ್ ಭುಜ ಹಿಡಿದು ಎಳೆದದ್ದರಿಂದ ಕೈ ಉಳಿಯಿತು. ಅಂದಿನಿಂದ ಅಜ್ಜಿ, ಮಗ ಬಂದ ಕೂಡಲೇ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಆಮೇಲೆಯೇ "ಊಟಕ್ಕೇಳು" ಎನ್ನತೊಡಗಿದಳು.

ಓಣಿಯವರೆಲ್ಲ ವೈದ್ಯರಾದರು. ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿದೆವು. ಮೊಬೈಲನ್ನು ಅಡುಗೆಮನೆಯ ಡಬ್ಬಿಯ ಮೇಲೆ ಮಲಗಿಸಿದೆವು. ಅದಕ್ಕೆ ಚೆನ್ನಾಗಿ ನಿದ್ದೆ ಬಂತು. ಕಿಟಕಿಗೆ ದಪ್ಪ ಪರದೆ, ಗೋಡೆ ಗಡಿಯಾರಕ್ಕೆ ರಜೆ. ನಾವೆಲ್ಲ ಬೇಗ ದೀಪ ಆರಿಸಿ, ಕೆಮ್ಮನ್ನೂ ನುಂಗಿಕೊಂಡು ಬಿದ್ದುಕೊಂಡೆವು. ಅಪ್ಪ ಸೂರು ನೋಡುತ್ತಿದ್ದರು.

ಕೊನೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಅಪ್ಪನ ಬೆನ್ನ ಹಿಂದೆ ನಿಂತು, "ಉಸಿರು ಎಳ್ಕೊಳ್ಳಿ" ಎಂದರು. ಅಪ್ಪ ಎಳೆದುಕೊಳ್ಳಲಿಲ್ಲ. ಡಾಕ್ಟರು ಇನ್ನೂ ಜೋರಾಗಿ ಹೇಳಿದರು. ಅಪ್ಪ ಕ್ಯಾಲೆಂಡರ್ ನೋಡುತ್ತಿದ್ದರು. ಡಾಕ್ಟರು ಫಟ್ಟೆಂದು ಚಪ್ಪಾಳೆ ತಟ್ಟಿದರು. ನಾವೆಲ್ಲ ಬೆಚ್ಚಿಬಿದ್ದೆವು, ಅಪ್ಪ ಅಲುಗಲಿಲ್ಲ.

"ಎಷ್ಟು ವರ್ಷದಿಂದ ಕಿವಿ ಕೇಳಿಸಲ್ಲ?" ಎಂದು ಎದುರಿಗೆ ಬಂದು ಕೇಳಿದರು.

ಅಪ್ಪ ಅವರ ತುಟಿ ನೋಡಿದರು. "ಮಗಳು ಸ್ಕೂಲಿಗೆ ಸೇರಿದಾಗಿಂದ. ಮಷಿನ್ ಸದ್ದಿಗೆ ಹೋಯ್ತು. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಬಾಯಿ ಬಿಡ್ಲಿಲ್ಲ."

ಮಗಳಿಗೆ, ಅಂದರೆ ನನಗೆ, ಈಗ ಮದುವೆಯ ವಯಸ್ಸು.

"ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?" ಅಮ್ಮ ಕೇಳಿದಳು.

"ನೀವೆಲ್ಲ ತುದಿಗಾಲಲ್ಲಿ ಓಡಾಡೋದು ನೋಡ್ತಾ ಮಲಗಿದ್ರೆ ಹಾಯಾಗಿ ಕಣ್ಣು ಮುಚ್ಕೊಳ್ತಿತ್ತು. ಈಗ ರಾತ್ರಿ ಎಲ್ಲರೂ ಮಲಗಿರ್ತೀರಿ. ನೋಡೋಕೆ ಯಾರೂ ಇಲ್ಲ."

ಡಾಕ್ಟರು ಕಿವಿ ಡಾಕ್ಟರಿಗೆ ಚೀಟಿ ಬರೆದು, ಮಲಗುವ, ಏಳುವ ಹೊತ್ತು ತಪ್ಪಿಸಬೇಡಿ ಎಂದರು. ದಾರಿಯುದ್ದಕ್ಕೂ ಅಮ್ಮ ನಮ್ಮೆಲ್ಲರಿಗಿಂತ ಮುಂದೆ ಬಿರಬಿರನೆ ನಡೆದಳು.

ಮಲಗುವ ಹೊತ್ತಿಗೆ ದೀಪ ಆರಿಸದೆ, ಅಪ್ಪನನ್ನು ಹಾಸಿಗೆಯ ಮೇಲೆ ಕೂರಿಸಿ, ಎದುರಿಗೆ ಕೂತು ಶುರುಮಾಡಿದಳು. ಅಷ್ಟು ದೊಡ್ಡ ದನಿ ಅವಳಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. "ಒಂದೇ ಒಂದಿನ ಹೇಳಿದ್ರೆ ನಾನು ಹಾಡ್ಕೋತಿದ್ದೆ! ನಗ್ತಿದ್ದೆ! ಮಕ್ಕಳನ್ನ ಅಳೋಕಾದ್ರೂ ಬಿಡ್ತಿದ್ದೆ!" ಅಜ್ಜಿ ಎದ್ದು ಸೊಸೆಗೆ ನೀರು ತಂದುಕೊಟ್ಟಳು. ಪಕ್ಕದ ಮನೆಯವರು ಏನೋ ಅನಾಹುತವಾಯಿತೆಂದು ಬಾಗಿಲಿಗೆ ಬಂದು ಹೋದರು. ನನಗೆ ನಗುವೂ ಬಂತು, ಅಳುವೂ ಬಂತು. ಅಪ್ಪ ಮಾತ್ರ ಅಮ್ಮನ ಬಾಯಿಂದ ಕಣ್ಣು ಕೀಳಲಿಲ್ಲ. ನೋಡುತ್ತಾ ನೋಡುತ್ತಾ ರೆಪ್ಪೆ ಇಳಿಯಿತು, ಕತ್ತು ವಾಲಿತು, ಗೊರಕೆ ಬಂತು.

ಅಮ್ಮ ಅಭ್ಯಾಸಬಲದಿಂದ ದನಿ ತಗ್ಗಿಸಿದಳು. ಮರುಗಳಿಗೆ ನೆನಪಾಗಿ, ಅವರ ತಲೆಗೆ ದಿಂಬು ಕೊಟ್ಟು, ಬಿಟ್ಟಲ್ಲಿಂದ ಮತ್ತೆ ಜೋರಾಗಿ ಶುರುಮಾಡಿದಳು.