ಬಿಟ್ಟುಹೋದ ಒಂದು 'ಸಿ'

ಕಾಲೇಜಿನ ಲೈಬ್ರೇರಿಯನ್ನರಿಗೆ ಹುಡುಗರು ಹಿಂದಿನಿಂದ ಇಟ್ಟ ಹೆಸರು ಮೂರ್ಕಡೆ ಮಾಮ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ಯಾರಾದರೂ ತೋರಿಸಿದರೆ ಸಾಕು, "ಮೂರು ಕಡೆ ಇದ್ರೆ ಬರಿ, ಇಲ್ದಿದ್ರೆ ಬಿಡು" ಎಂದು ರಾಗ ಎಳೆಯುತ್ತಿದ್ದರು. ಇತಿಹಾಸದ ಮೇಡಂ ಆ ಮಾತನ್ನು ನಿಯಮವನ್ನಾಗಿಯೇ ಮಾಡಿಬಿಟ್ಟಿದ್ದರು. ಮಾಮ ಅದಕ್ಕೆ ಒಳಗೊಳಗೇ ಬೀಗುತ್ತಲೂ ಇದ್ದರು.

ಅವತ್ತು ಮಧ್ಯಾಹ್ನ ಕೊನೆಯ ವರ್ಷದ ಹುಡುಗಿಯೊಬ್ಬಳು ಮುಖ ಊದಿಸಿಕೊಂಡು ಬಂದಳು. ಅವಳ ಪ್ರಬಂಧ ಹಳೇ ಸೇತುವೆಯ ಬಗ್ಗೆ. ಅದನ್ನು ಕಟ್ಟಿದ ಗಾರೆ ಮೇಸ್ತ್ರಿ ಅವಳ ತಾತ. ತಾತನ ಹೆಸರಿದ್ದ ಸಾಲಿಗೆ ಮೇಡಂ ಕೆಂಪು ಗೀಟು ಎಳೆದಿದ್ದರು. ನಾಲ್ಕು ಗಂಟೆಯೊಳಗೆ ತಿದ್ದಿ ಕೊಡಬೇಕು.

"ಮೂರು ಕಡೆನೂ ಗುತ್ತಿಗೆದಾರರೇ ಕಟ್ಟಿದ್ದು ಅಂತಿದೆ ಸರ್. ನಮ್ ತಾತ ಸುಳ್ಳು ಹೇಳ್ತಾರಾ? ಪ್ರಬಂಧ ಓದಿ ಹೇಳು ಅಂತ ಮನೇಲಿ ಕಾಯ್ತಾ ಕೂತಿದಾರೆ."

ಮಾಮ ಕನ್ನಡಕ ಏರಿಸಿ ನೋಡಿದರು. ಒಂದು ಪತ್ರಿಕೆಯ ಲೇಖನ, ಒಂದು ಪ್ರವಾಸಿಗರ ಜಾಲತಾಣ, ಯಾರದೋ ಬ್ಲಾಗು. ಮೂರರಲ್ಲೂ 'ಐದು ಕಾಮನುಗಳ ಸೇತುವೆ'. ಕಮಾನು ಮೂರು ಕಡೆಯೂ ಕಾಮನಾಗುವುದುಂಟೇ! ಮಾಮನಿಗೆ ನಗು ಬಂತು. ಮರುಕ್ಷಣವೇ ನೆನಪಾಯಿತು. ಆ ಕಾಮನು ಅವರದೇ. ಏಳು ವರ್ಷದ ಹಿಂದೆ, ಊಟಕ್ಕೆ ಏಳುವ ಅವಸರದಲ್ಲಿ, ಲೈಬ್ರರಿಯ ವೆಬ್‌ಸೈಟಿಗೆ ಅವರೇ ಟೈಪು ಮಾಡಿದ್ದ ಪುಟದ ತಪ್ಪು ಅದು. ಗುತ್ತಿಗೆದಾರರು 'ಕಟ್ಟಿಸಿದ' ಸೇತುವೆ ಎನ್ನಲು ಹೋಗಿ, 'ಸಿ' ನುಂಗಿ, 'ಕಟ್ಟಿದ' ಎಂದಿದ್ದರು. ಉಳಿದವರು ಕಣ್ಣು ಮುಚ್ಚಿ ಇಳಿಸಿಕೊಂಡಿದ್ದರು.

ಅಲ್ಲೇ ಪುಟ ತಿದ್ದಿ, ಏದುಸಿರು ಬಿಡುತ್ತ ಮೇಡಂ ಹತ್ತಿರ ಓಡಿ ಆದದ್ದನ್ನೆಲ್ಲ ಹೇಳಿದರು.

"ನೀವು ತಿದ್ದಿರೋದು ಇವತ್ತು ಸರ್," ಎಂದರು ಮೇಡಂ ಮೆತ್ತಗೆ. "ನಿಮ್ದು ಒಂದು, ಆ ಕಡೆ ಮೂರು. ನಿಮ್ಮದೇ ಮಾತಲ್ವಾ? ಹೋಗ್ಲಿ, ಮೇಸ್ತ್ರಿ ಹೆಸರು ಎಲ್ಲಾದ್ರೂ ಒಂದು ಕಡೆ ಇದ್ಯಾ?"

ಎಲ್ಲೂ ಇರಲಿಲ್ಲ. 'ಸಿ' ಸೇರಿಸಿದ ಮೇಲೂ ಮಾಮನ ಪುಟದಲ್ಲೇ ಇರಲಿಲ್ಲ. ಪತ್ರಿಕೆಗೆ ಫೋನು ಮಾಡಿದರೆ ದಾಖಲೆ ಸಮೇತ ಪತ್ರ ಕಳಿಸಿ, ನೋಡೋಣ ಎಂದರು.

ವಾಪಸು ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಹುಡುಗಿ ತಾತನ ಹೆಸರು ಅಳಿಸಿ ಗುತ್ತಿಗೆದಾರರ ಹೆಸರು ಟೈಪು ಮಾಡುತ್ತಿದ್ದಳು. ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲವೇನೋ, ತಿರುಗದೆಯೇ ಕೇಳಿದಳು.

"ಸರ್, 'ಕಟ್ಟಿದವರು'... ಕಾಗುಣಿತ ಸರಿಯಿದ್ಯಾ ನೋಡಿ."

ಮಾಮ ಬಗ್ಗಿ ಒಂದೊಂದೇ ಅಕ್ಷರ ನೋಡಿದರು.

"ಸರಿಯಿದೆಯಮ್ಮ," ಎಂದರು.