ಬಚ್ಚಲಿನ ಬ್ಯಾರಲ್

ನಾನು ಗದಗದವಳು. ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರುತ್ತಿದ್ದುದು ಹತ್ತು ದಿನಕ್ಕೊಮ್ಮೆ. ಬಂದ ದಿನ ಲೋಟವನ್ನೂ ಬಿಡದೆ ತುಂಬಿಸಿಟ್ಟು ಬೆಳೆದವಳು ನಾನು. ನಾವೀಗಿರುವ ಅಹಮದಾಬಾದಿನ ಮಣಿನಗರದಲ್ಲಿ ದಿನಾ ನೀರು ಬರುತ್ತದೆಂದು ನನ್ನ ಗಂಡ ಭೀಮಸೇನ ನೂರು ಸಲ ಹೇಳಿದರೂ, ಬಚ್ಚಲಲ್ಲಿ ಇನ್ನೂರು ಲೀಟರಿನ ನೀಲಿ ಬ್ಯಾರಲ್ ತುಂಬಿರದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ವಿಮಾ ಕಚೇರಿಯವರು ಅವರನ್ನು ಎಲ್ಲಿಗೆ ವರ್ಗ ಮಾಡಿದರೂ ಲಾರಿಗೆ ಮೊದಲು ಏರುತ್ತಿದ್ದ ಸಾಮಾನು ಅದೇ.

ಶ್ರಾವಣ ಮುಗಿಯುವ ಹೊತ್ತಿಗೆ ಕೆಳಗಿನ ಮನೆಯ ಜಾಗೃತಿಬೆನ್ ಅವರ ಮಗಳು ಕೃಪಾಳಿಗೆ ಡೆಂಗಿ ಬಂತು. ಏಳು ವರ್ಷದ ಹುಡುಗಿ. ದಿನಾ ಸಂಜೆ ನಮ್ಮ ಮಗಳು ವಿಂಧ್ಯಾಳ ಜೊತೆ ಆಡಲು ಬಂದು, ನನ್ನ ಕೈಯ ಅವಲಕ್ಕಿ ತಿಂದು ಹೋಗುತ್ತಿದ್ದವಳು ಆಸ್ಪತ್ರೆ ಸೇರಿದಳು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ನನ್ನ ಜೀವಕ್ಕೆ ಸಮಾಧಾನವಿರಲಿಲ್ಲ.

ಮೂರನೇ ದಿನ ನಗರಪಾಲಿಕೆಯ ಆರೋಗ್ಯ ಕಾರ್ಯಕರ್ತೆ ಹಂಸಾಬೆನ್ ಬಂದರು. ಜ್ವರ ಬಂದವರ ಸುತ್ತಲಿನ ಮನೆಗಳಲ್ಲೆಲ್ಲ ನಿಂತ ನೀರು ನೋಡಬೇಕಂತೆ. ಕೂಲರ್, ಹೂಕುಂಡ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ತೋರಿಸಿದೆ. ಬಚ್ಚಲ ಹತ್ತಿರ ಬಂದಾಗ ಮಾತ್ರ, ತುಂಬಿದ ಬ್ಯಾರಲ್ ಚೆಲ್ಲಿಸಿಬಿಡುತ್ತಾರೆಂದು ಹೆದರಿ, "ನಮ್ಮ ಮನೆಯವರು ಸ್ನಾನಕ್ಕೆ ಹೋಗಿದ್ದಾರೆ" ಎಂದು ಹಿಂದಿಯಲ್ಲಿ ಸುಳ್ಳು ಹೇಳಿದೆ. ಮಹಾರಾಯ್ತಿ ಹೋಗಬಾರದೇ? ಕಾಯುತ್ತೇನೆಂದು ಕುರ್ಚಿ ಎಳೆದು ಕೂತರು. ಐದೇ ನಿಮಿಷಕ್ಕೆ ಭೀಮಸೇನ ಬೆಂಡೆಕಾಯಿಯ ಚೀಲ ಹಿಡಿದು ಹೊರಗಿನಿಂದ ಬಂದರು.

"ಯಾಕ ಮೇದಿನಿ, ಹಿಂಗ್ಯಾಕ ನಿಂತೀ?" ಎಂದರು.

"ನಿಮಗ ಈಗs ಬರಬೇಕಾಗಿತ್ತೇನ್ರಿ?" ಎಂದೆ.

ಹಂಸಾಬೆನ್ ನಗಲಿಲ್ಲ. ಸೀಳು ಬಿಟ್ಟ ಮುಚ್ಚಳ ತೆಗೆದು ಬ್ಯಾರಲ್ಲಿನೊಳಗೆ ಟಾರ್ಚಿನ ಬೆಳಕು ಬಿಟ್ಟರು. ಸಣ್ಣ ಸಣ್ಣ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. "ಇವೇ ಸೊಳ್ಳೆಮರಿ. ಚೆಲ್ಲಿದರೆ ಸಾಲದು, ಒಳಗಿನ ಅಂಚು ತಿಕ್ಕಿ. ಮೊಟ್ಟೆ ಅಲ್ಲಿ ಅಂಟಿರುತ್ತದೆ" ಎಂದರು. ಯಾರ ಮನೆಯಲ್ಲಿ ಸಿಕ್ಕಿತೆಂದು ಯಾರಿಗೂ ಹೇಳುವುದಿಲ್ಲವೆಂದರು. ಆ ಮಾತೇ ನನ್ನನ್ನು ಕೊಂದಿತು.

"ಸುಮ್ನಿರು. ನಮ್ಮನಿ ಸೊಳ್ಳಿನೇ ಕೃಪಾಗ ಕಚ್ಚೇದ ಅಂತ ಯಾರು ಹೇಳ್ಯಾರ?" ಎಂದರು ಭೀಮಸೇನ, ಹಂಸಾಬೆನ್ ಹೋದ ಮೇಲೆ.

"ಕಚ್ಚಿಲ್ಲ ಅಂತನೂ ಯಾರು ಹೇಳ್ಯಾರ?"

ಬ್ಯಾರಲ್ ಕೆಡವಿದೆ, ಕೈ ಉರಿಯುವಷ್ಟು ತಿಕ್ಕಿ ಬೋರಲು ಹಾಕಿದೆ. ಸಂಜೆ ಆಸ್ಪತ್ರೆಗೆ ಬಟ್ಟೆ ಒಯ್ಯಲು ಮನೆಗೆ ಬಂದ ಜಾಗೃತಿಬೆನ್ ಎದುರು ನಿಂತು, ಸುಳ್ಳು ಹೇಳಿದ್ದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ. ಇನ್ನು ಮಗಳನ್ನು ನಮ್ಮ ಮನೆಗೆ ಕಳಿಸಲಾರರೆಂದು ಗೊತ್ತಿದ್ದೇ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬಟ್ಟೆಯ ಚೀಲ ಎತ್ತಿಕೊಂಡು ಹೋದರು.

ಕೃಪಾ ಗುಣವಾಗಿ ಬಂದಳೆಂದು ವಾಚ್‌ಮನ್ ಹೇಳಿದಾಗ ದೇವರ ಮುಂದೆ ಕೂತು ಅತ್ತೆ. ಕೆಳಗೆ ಹೋಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಜಾಗೃತಿಬೆನ್ ಬಾಗಿಲು ಬಡಿದರು. ನನ್ನ ಕಡೆ ನೋಡದೆ ಸೀದಾ ಬಚ್ಚಲಿಗೆ ನಡೆದರು. ದೀಪ ಹಾಕಿ ಮೂಲೆಮೂಲೆ ನೋಡಿದರು, ಬಕೆಟ್ಟು ಎತ್ತಿ ನೋಡಿದರು. ಆಮೇಲೆ ಮೆಟ್ಟಿಲ ಬಳಿ ನಿಂತು ಕೆಳಗೆ ಕೂಗಿದರು.

"ಕೃಪಾ, ಮೇಲೆ ಬಾ. ವಿಂಧ್ಯಾ ಎದ್ದಿದ್ದಾಳೆ."